ಯಾರ ಮನೆ ಎಂದು ಕೇಳಿದ್ದು

ತಿಪಟೂರು
ಭಾನುವಾರ, 9 ಫೆಬ್ರವರಿ 2025

ಧನ್ಯಾ,

ಪ್ರತಿ ಸಲ ನಿನಗೆ ಬರೆಯುವಾಗ 'ಏನೇ ಕೆಂಕೆರೆ ಮಹಾರಾಣಿ' ಎಂದು ಶುರು ಮಾಡುತ್ತಿದ್ದೆ. ಇವತ್ತು ಹಾಗೆ ಬರೆಯಲು ಮನಸ್ಸು ಬರಲಿಲ್ಲ. ಚೆನ್ನಾಗಿದ್ದೀಯಾ ಎಂದೂ ಕೇಳುವುದಿಲ್ಲ. ನೀನು ಚೆನ್ನಾಗಿರುವುದಕ್ಕೆ ಇನ್ನೊಬ್ಬಳು ಏನು ಕಳೆದುಕೊಂಡಳು ಎಂಬುದು ನನಗೆ ಗೊತ್ತು.

ಫೋನಿನಲ್ಲಿ ನನ್ನನ್ನು ಬ್ಲಾಕ್ ಮಾಡಿದ್ದೀಯ. ಆಟದ ಗುಂಪಿನಲ್ಲೂ ನನ್ನ ಸಂದೇಶ ನಿನಗೆ ಮುಟ್ಟದ ಹಾಗೆ ಮಾಡಿಕೊಂಡಿದ್ದೀಯ. ಹಾಗಾಗಿ ಈ ಕಾಗದ. ದಿನವಿಡೀ ಅಂಗಡಿಯಲ್ಲಿ ಕೂತು ಊರವರ ಅರ್ಜಿ ಟೈಪ್ ಮಾಡುವ ನಾನು ಕೈಯಲ್ಲಿ ಬರೆದು ಎಷ್ಟು ಕಾಲವಾಯಿತೋ, ಅಕ್ಷರ ಅಂಕುಡೊಂಕಾಗಿದೆ, ಸಹಿಸಿಕೋ. ಕಂಪ್ಯೂಟರಿನಲ್ಲಿ ಹೊಡೆದರೆ ತಾಲ್ಲೂಕು ಕಚೇರಿಗೆ ಕೊಡುವ ತಕರಾರು ಅರ್ಜಿಯ ಹಾಗೆ ಕಾಣುತ್ತದೆ ಎಂದು ಬಿಟ್ಟೆ. ನಿಮ್ಮೂರಿನ ಅಂಕಮ್ಮ ಬುಧವಾರ ಸಂಘದ ಕಾಗದಗಳನ್ನು ಜೆರಾಕ್ಸ್ ಮಾಡಿಸಲು ಬರುತ್ತಾಳೆ. ಅವಳ ಕೈಯಲ್ಲಿ ಕಳಿಸುತ್ತೇನೆ. ನಿನ್ನ ಕೈಗೇ ಕೊಡಬೇಕು, ನಿಮ್ಮತ್ತೆಯ ಕೈಗೆ ಬೇಡ ಎಂದು ಹೇಳಿರುತ್ತೇನೆ. ಅಷ್ಟು ಕರುಣೆ ನಿನ್ನ ಮೇಲೆ ಇನ್ನೂ ಉಳಿದಿದೆ.

ಮೊದಲಿನಿಂದ ಬರೆಯುತ್ತೇನೆ. ಎಲ್ಲ ನಿನಗೆ ಗೊತ್ತಿರುವುದೇ. ಆದರೆ ನೀನು ಮರೆತವಳ ಹಾಗೆ ನಡೆದುಕೊಂಡಿದ್ದರಿಂದ ನೆನಪಿಸುವುದು ನನ್ನ ಪಾಲಿಗೆ ಬಂದಿದೆ.

ನಾವಿಬ್ಬರೂ ಸಿಕ್ಕಿದ್ದು ಏಳುಗಡಿಯಲ್ಲಿ. ಇಲ್ಲದ ಸೀಮೆ, ಇಲ್ಲದ ಕೋಟೆ, ಇಲ್ಲದ ಪಾಳೆಯಗಾರರು. ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು, ಆ ಪಾತ್ರವೇ ಆಗಿ ಫೋನಿನಲ್ಲಿ ಬರೆಯುತ್ತಾ ಕಥೆ ನಡೆಸುವ ಆಟ. ನಾನು ವಿಷ ಇಳಿಸುವ ಮುದುಕಿ, ನೀನು ಕುದುರೆ ಲಾಯದ ಯಜಮಾನಿ. ಆರು ತಿಂಗಳು ನಮ್ಮ ಪಾತ್ರಗಳು ಜುಟ್ಟು ಹಿಡಿದು ಜಗಳವಾಡಿದವು. ಒಂದು ದಿನ ನಿನ್ನ ಲಾಯದವಳು ಅಟ್ಟ ಹತ್ತಿ, ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ನೀರು ಪೂರ್ತಿ ಇಂಗಿ ಒಳಗೆ ಕೊಬ್ಬರಿ ಉರುಳುವ ಸದ್ದು ಕೇಳಿದಳು. ಇವಳು ನಮ್ಮ ಕಡೆಯವಳೇ ಎಂದು ನನಗೆ ಖಾತ್ರಿಯಾಯಿತು. ಯಾವೂರು ಎಂದು ಕೇಳಿದೆ. ನೀನು ಕೆಂಕೆರೆ ಎಂದೆ. ಹುಳಿಯಾರಿನಲ್ಲಿ ಬಸ್ಸು ಹತ್ತಿದರೆ ನನ್ನ ಅಂಗಡಿಯ ಹತ್ತಿರವೇ ಬಂದು ಇಳಿಯುವವಳು, ಆರು ತಿಂಗಳು ನನಗೆ ಶಾಪ ಹಾಕಿಕೊಂಡು ಕೂತಿದ್ದೆ! ಅವತ್ತು ನಕ್ಕಷ್ಟು ನಾನು ಆ ವರ್ಷವೆಲ್ಲ ನಕ್ಕಿರಲಿಲ್ಲ.

ಗುಂಪಿನಲ್ಲಿ ನಾನೂರು ಜನ ಆದಾಗ, ಆಟ ಕಟ್ಟಿದ ರಂಗನಾಥ್ ಸರ್ ನಮ್ಮಲ್ಲಿ ಐದು ಜನರನ್ನು ಮಾಡರೇಟರ್ ಮಾಡಿದರು. ಸಂಬಳವಿಲ್ಲ, ರಜೆಯಿಲ್ಲ, ಬೈಗುಳ ಮಾತ್ರ ಧಾರಾಳ. ಜಗಳ ಬಿಡಿಸಬೇಕು, ಕೆಟ್ಟ ಮಾತು ಅಳಿಸಬೇಕು, ದೂರು ಕೇಳಬೇಕು. ಈ ಐದು ಜನ ಹೇಗಿರಬೇಕು ಎಂಬ ನಡತೆಯ ನಿಯಮಗಳನ್ನು ನೀವಿಬ್ಬರು ಬರೆಯಿರಿ ಎಂದು ಸರ್ ಹೇಳಿದ್ದಕ್ಕೆ ನಾನು ನಿಮ್ಮ ಮನೆಗೆ ಬಂದೆ. ಅವತ್ತು ನಿಮ್ಮಲ್ಲಿ ಕೊಬ್ಬರಿ ಒಡೆಸುತ್ತಿದ್ದರು. ಅಂಗಳದ ತುಂಬ ಚಿಪ್ಪು, ಕಾಲಿಡಲು ಜಾಗವಿರಲಿಲ್ಲ. ನಿಮ್ಮತ್ತೆ ರಾಮಲಕ್ಷ್ಮಮ್ಮನವರಿಗೆ ನನ್ನನ್ನು ಹೊಲಿಗೆ ಕಲಿಸುವ ಮೇಡಂ ಎಂದು ಪರಿಚಯ ಮಾಡಿಸಿದೆ. ನಾನೂ ತಲೆಯಾಡಿಸಿದೆ. ಒಂದು ಗುಂಡಿ ಹೊಲಿಯಲು ಬಾರದವಳು! ನಾವು ಜಗಲಿಯಲ್ಲಿ ಕೂತು ಪುಟಗಟ್ಟಲೆ ಬರೆಯುವುದನ್ನು ನೋಡಿ ಕೊಬ್ಬರಿ ಒಡೆಯುವ ಹೆಂಗಸೊಬ್ಬಳು 'ಏನ್ರವ್ವಾ, ಒಂದು ರವಿಕೆ ಅಳತೆ ಇಷ್ಟುದ್ದ ಬರೀತಾರಾ' ಎಂದು ಕೇಳಿ ಎಲ್ಲರನ್ನೂ ನಗಿಸಿದಳು.

ಆ ನೋಟ್‌ಬುಕ್ ಈಗ ನನ್ನ ಮುಂದೆ ಇದೆ. ಅಕ್ಷರವೆಲ್ಲ ನಿನ್ನದು. ಪಾತ್ರ ಬೇರೆ, ಮನುಷ್ಯ ಬೇರೆ, ಪಾತ್ರ ಆಡಿದ ಮಾತನ್ನು ಮನುಷ್ಯರ ತಲೆಗೆ ಕಟ್ಟಬಾರದು ಎಂದು ನಾನು ಹೇಳಿದ್ದನ್ನು ಬರೆದುಕೊಂಡೆ. ನಮ್ಮವರ ಮೇಲೆಯೇ ದೂರು ಬಂದರೆ 'ಇವರು ನನ್ನವರು' ಎಂದು ತಿಳಿಸಿ ಆ ವಿಚಾರಣೆಯಿಂದ ಎದ್ದು ಹೋಗಬೇಕು ಎಂಬುದನ್ನು ನೀನೇ ಸೇರಿಸಿದೆ. ಆಡುವವರ ನಿಜವಾದ ಹೆಸರು, ಊರು ಕೇಳಬಾರದು ಎಂದೂ ಇದೆ. ದೂರು ಕೊಟ್ಟವರ ಹೆಸರು, ಗುಂಪಿನಲ್ಲಿ ನಾವು ಐದು ಜನ ಮಾತ್ರ ನೋಡುವ ದೂರಿನ ಕೋಣೆಯಿಂದ ಆಚೆ ಹೋಗಬಾರದು ಎಂಬುದರ ಕೆಳಗೆ ನೀನು ಎರಡು ಗೆರೆ ಎಳೆದಿದ್ದೀಯ. ಎರಡು ಗೆರೆ ಯಾಕೆ ಎಂದು ಕೇಳಿದ್ದಕ್ಕೆ 'ಅಕ್ಕಾ, ನಮ್ಮಂಥೋರು ಬಾಯಿ ಬುಡೋದೇ ಕಷ್ಟ. ಒಂದ್ಸಲ ಬುಟ್ಟು, ಅದು ಮನೆ ಬಾಗ್ಲಿಗೇ ಬಂದು ನಿಂತ್ರೆ ಇನ್ನೊಂದ್ಸಲ ಬುಡ್ತಾರಾ' ಎಂದೆ. ನಿನ್ನ ಮೇಲೆ ನನಗೆ ಎಂಥ ಅಭಿಮಾನ ಬಂತು ಗೊತ್ತಾ ಆಗ. ಈ ಹುಡುಗಿ ನನ್ನ ಸ್ವಂತ ತಂಗಿಯಾಗಿದ್ದರೆ ಎನ್ನಿಸಿತು.

ಜನವರಿ ಮೊದಲ ವಾರ ಮಲ್ಲಾಜಮ್ಮ ಪಾತ್ರದ ಹುಡುಗಿ ನನಗೆ ದೂರು ಬರೆದಳು. ಕಥೆಯಲ್ಲಿ ಮಲ್ಲಾಜಮ್ಮನೂ ದಳವಾಯಿ ಕರಿಸಿಂಗನೂ ಗಂಡ ಹೆಂಡತಿ. ಇಬ್ಬರೂ ಒಪ್ಪಿ ಬರೆಯುತ್ತಿದ್ದ ಕಥೆ ಅದು, ಚೆನ್ನಾಗಿಯೇ ಬರೆಯುತ್ತಿದ್ದರು. ಆದರೆ ಕರಿಸಿಂಗನಾಗಿ ಆಡುವ ಮನುಷ್ಯ ಆಟದ ಹೊರಗೆ ಅವಳ ನಂಬರ್ ಕೇಳಿದ, ಫೋಟೋ ಕೇಳಿದ, ತಿಪಟೂರಿನಲ್ಲಿ ಸಿಗು ಎಂದು ಗಂಟುಬಿದ್ದ. ಬೇಡ ಎಂದ ಮೇಲೂ ಬಿಡಲಿಲ್ಲ. ಅವಳು ಬರೆದದ್ದರಲ್ಲಿ ಒಂದು ಒರಟು ಮಾತಿರಲಿಲ್ಲ. 'ಅವರನ್ನು ಆಟದಿಂದ ತೆಗೆಯದಿದ್ದರೂ ಪರವಾಗಿಲ್ಲ, ನನ್ನನ್ನು ಬಿಟ್ಟುಬಿಡಲು ಹೇಳಿ' ಎಂದು ಬೇಡಿಕೊಂಡಿದ್ದಳು. ನಿನ್ನ ಹೆಸರು ಹೊರಗೆ ಬರುವುದಿಲ್ಲ, ಅದು ನನ್ನ ಮಾತು ಎಂದು ನಾನು ಅವಳಿಗೆ ಬರೆದೆ.

ನಮ್ಮ ಅಂಗಡಿಯಲ್ಲಿ ಆಗ ರೇಷನ್ ಕಾರ್ಡ್ ತಿದ್ದುಪಡಿಯ ಸಾಲು ಬೀದಿಗೆ ಬಂದಿತ್ತು. ದೂರನ್ನು ನಿನ್ನ ಕೈಗೆ ಕೊಟ್ಟೆ. ನೀನು 'ಬುಡಕ್ಕಾ, ನಾನು ನೋಡ್ಕತೀನಿ' ಎಂದೆ. ಆಮೇಲೆ ಉಳಿದವರೆದುರು ಸಾಕ್ಷಿ ಸಾಲದು, ಒಂದು ಎಚ್ಚರಿಕೆ ಕೊಟ್ಟರೆ ಸಾಕು ಎಂದು ಬರೆದೆ. ಎಲ್ಲರೂ ಒಪ್ಪಿದೆವು. ನಿನ್ನ ಮಾತಲ್ಲವೇ! ಆ ಕರಿಸಿಂಗ ನಿನ್ನ ಮೈದುನ ತಿಲಕ್ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು. 'ಇವನು ನನ್ನವನು' ಎಂದು ಎರಡು ಪದ ಬರೆದು ಎದ್ದು ಹೋಗಬಹುದಿತ್ತು. ಕೂತೇ ಇದ್ದೆ.

ಇಲ್ಲಿ ನನ್ನದೂ ಒಂದು ಮಾತಿದೆ, ಬಚ್ಚಿಡುವುದಿಲ್ಲ. ಆ ಹುಡುಗಿಯನ್ನು ನಾನು ಯಾವೂರಮ್ಮ, ಯಾರ ಮನೆ ಎಂದು ಕೇಳಿದ್ದೆ. ಕೇಳಬಾರದು ಎಂದು ನಾವೇ ಬರೆದಿದ್ದೇವೆ, ನಿಜ. ಆದರೆ ನಮ್ಮ ಸೀಮೆಯಲ್ಲಿ ಕೂರಲು ಚಾಪೆ ಹಾಕುವ ಮೊದಲೇ ಕೇಳುವ ಮಾತಲ್ಲವೇ ಅದು. ಬೇರೆ ಜಿಲ್ಲೆಯವಳಾಗಿದ್ದರೆ ಕೇಳುತ್ತಿರಲಿಲ್ಲ. ತಿಪಟೂರಿನ ಹೆಸರು ಕಂಡ ಕೂಡಲೇ ಬಾಯಿ ತಡೆಯಲಿಲ್ಲ. ನೊಣವಿನಕೆರೆ, ಮಂಡಿ ಮರುಳಪ್ಪನವರ ಮಗಳು ಸೌಂದರ್ಯ, ಬಿ.ಎಸ್ಸಿ. ಕೊನೆಯ ವರ್ಷ ಎಂದಳು. ನಿಮ್ಮ ಮನೆಯ ಕೊಬ್ಬರಿ ಹೋಗುವುದು ಅದೇ ಮರುಳಪ್ಪನವರ ಮಂಡಿಗೆ. ಅದಕ್ಕೇ ನಿನಗೆ ಫೋನು ಮಾಡಿದಾಗ 'ನಿಮಗೆ ಬೇಕಾದವರ ಮಗಳೇ ಕಣೇ, ಹುಷಾರಾಗಿ ನೋಡ್ಕೋ' ಎಂದೆ. ನೀನು ಅವಳನ್ನು ಇನ್ನಷ್ಟು ಜೋಪಾನ ಮಾಡಲಿ ಎಂದು ಹೇಳಿದ್ದು ಅದು. ಗೆಳತಿಯ ಕಿವಿಗೆ ಹಾಕಿದ್ದನ್ನು ಹೊರಗೆ ಬಿಟ್ಟಂತೆ ಎಂದು ಯಾರೂ ಹೇಳುವುದಿಲ್ಲ. ನೀನು ಮಾಡಿದ್ದರ ಮುಂದೆ ಅದೇನು ಮಹಾ.

ನೀನು ಮಾಡಿದ್ದು ಏನು ಎಂದು ನಾನೇ ಬರೆಯಲಾ? ದೂರು ಕೊಟ್ಟವಳು ಇಂಥವರ ಮಗಳು ಎಂದು ತಿಲಕನಿಗೆ ಹೇಳಿದೆ. ಅವನು ಹರಾಜಿನ ದಿನ ಕೊಬ್ಬರಿ ಮೂಟೆ ಇಳಿಸಲು ಮಂಡಿಗೆ ಹೋದವನು, ಮರುಳಪ್ಪನವರನ್ನು ಪಕ್ಕಕ್ಕೆ ಕರೆದು ಫೋನು ತೋರಿಸಿದ. ಮಲ್ಲಾಜಮ್ಮ ತನ್ನ ಗಂಡ ದಳವಾಯಿಗೆ ಬರೆದ ಪ್ರೀತಿಯ ಮಾತುಗಳು. 'ನೋಡಿ ಯಜಮಾನ್ರೇ, ನಿಮ್ಮ ಮಗಳು ಗುರುತಿಲ್ಲದ ಗಂಡಸ್ರಿಗೆ ಹಿಂಗೆಲ್ಲ ಬರೀತವ್ಳೆ, ನಮ್ಮನೆ ಹೆಣ್ಣುಮಗಳಿದ್ದಂಗೆ ಅಂತ ಹೇಳ್ತಿದೀನಿ' ಎಂದನಂತೆ. ಆ ಗುರುತಿಲ್ಲದ ಗಂಡಸು ತಾನೇ ಎಂದು ಮಾತ್ರ ಹೇಳಲಿಲ್ಲ. ಹಮಾಲಿಗಳು ನಿಂತು ನೋಡುತ್ತಿದ್ದರಂತೆ. ಆ ತಂದೆಯ ಮುಖ ಹೇಗಾಗಿರಬೇಕು!

ಅವತ್ತು ಸಂಜೆ ಸೌಂದರ್ಯಳಿಂದ ನನಗೆ ಒಂದೇ ಸಾಲು ಬಂತು. 'ಅಕ್ಕಾ, ಹೆಸರು ಹೇಳಲ್ಲ ಅಂದಿದ್ರಿ.' ನಾನು ಉತ್ತರ ಬರೆಯುವಷ್ಟರಲ್ಲಿ ಅವಳ ಫೋನು ಹೋಗಿತ್ತು. ಮುಂದಿನ ವಾರ ಅವಳ ಕ್ಲಾಸಿನ ಲಿಖಿತಾ ರೆಕಾರ್ಡ್ ಪುಸ್ತಕ ಹಿಡಿದು ಜೆರಾಕ್ಸಿಗೆ ಬಂದಳು. ಪ್ರತಿ ಯಾರಿಗೆ ಎಂದರೆ, ಸೌಂದರ್ಯಳಿಗೆ ಎಂದಳು. ಕಾಲೇಜು ಬಿಡಿಸಿದ್ದಾರೆ, ಆದರೂ ಇರಲಿ ಎಂದು ಮಾಡಿಸುತ್ತಿದ್ದೇನೆ ಎಂದಳು. ಹದಿನೇಳಕ್ಕೆ ಪ್ರಾಕ್ಟಿಕಲ್ ಪರೀಕ್ಷೆ. ಅದಕ್ಕೆ ಕೂರದಿದ್ದರೆ ವರ್ಷ ಹೋಯಿತು. ಮತ್ತೆ ಓದಿಸುವ ಮಾತೇ ಇಲ್ಲ ಎಂದು ಮರುಳಪ್ಪನವರು ಹೇಳಿದ್ದಾರಂತೆ. ಮಂಡಿಯಲ್ಲಿ ನಡೆದದ್ದನ್ನೂ ಅವಳೇ ನನಗೆ ಹೇಳಿದ್ದು. ಆ ಜೆರಾಕ್ಸಿಗೆ ನಾನು ದುಡ್ಡು ತೆಗೆದುಕೊಳ್ಳಲಿಲ್ಲ. ಅದೊಂದು ದೊಡ್ಡ ಉಪಕಾರ ಮಾಡಿದವಳ ಹಾಗೆ!

ನಿನಗೆ ಫೋನು ಮಾಡಿದೆ. ನೀನು ಸುಳ್ಳು ಹೇಳುತ್ತೀಯ, ನಾನು ನಂಬುತ್ತೇನೆ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ನಂಬಲು ತಯಾರಾಗಿಯೇ ಇದ್ದೆ. ನೀನು ಅಷ್ಟೂ ಮಾಡಲಿಲ್ಲ. 'ಹೂಂ ಕಣಕ್ಕಾ, ನಾನೇ ಹೇಳ್ದೆ. ಯಾರು ದೂರು ಕೊಟ್ಟಿದ್ದು ಹೇಳು, ಇಲ್ದಿದ್ರೆ ನೀನು ಫೋನಲ್ಲಿ ಏನಾಡ್ತೀಯ ಅಂತ ಅವ್ವಂಗೆ ಹೇಳ್ಬುಡ್ತೀನಿ ಅಂದ. ಅತ್ತೆ ಫೋನ್ ಕಿತ್ಕಂಡ್ರೆ ನಂಗೇನೈತಕ್ಕಾ' ಎಂದು ಅತ್ತು, ಕರೆ ಕತ್ತರಿಸಿದೆ. ಆಮೇಲೆ ಬ್ಲಾಕ್. ದೂರಿನ ಕೋಣೆಯಲ್ಲಿ ನೀನು ಬರೆದದ್ದನ್ನೆಲ್ಲ ಅಳಿಸಿಯೂ ಆಗಿತ್ತು.

ನಿನ್ನ ಅಳು ನನಗೆ ಅರ್ಥವಾಗುವುದಿಲ್ಲ ಎಂದುಕೊಳ್ಳಬೇಡ. ಆ ಮನೆಯಲ್ಲಿ ನಿನಗೆ ನಿನ್ನದು ಎನ್ನುವುದು ಅದೊಂದೇ ಎಂದು ನನಗೆ ಗೊತ್ತು. ದನದ ಕೊಟ್ಟಿಗೆ, ಅಡಿಗೆ ಮನೆ, ತೋಟದವರ ಊಟ, ಇಷ್ಟೆಲ್ಲದರ ನಡುವೆ ಲಾಯದ ಯಜಮಾನಿಯಾಗಿ ಕುದುರೆ ಹತ್ತುವ ಆ ಅರ್ಧ ಗಂಟೆಗೆ ನೀನು ಹೇಗೆ ಕಾಯುತ್ತಿದ್ದೆ ಎಂಬುದನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೆ ಧನ್ಯಾ, ನಿನ್ನ ಕೈಯಲ್ಲಿ ಫೋನು ಉಳಿಯಲಿ ಎಂದು ಆ ಹುಡುಗಿಯ ಕೈಯಿಂದ ಕೀಳಿಸಿದೆಯಲ್ಲ. ಅವಳಿಗೆ ಫೋನಿನ ಜೊತೆ ಕಾಲೇಜೂ ಹೋಯಿತು. ನಂಬಿಸಿ ಕತ್ತು ಕೊಯ್ಯುವುದು ಎಂದರೆ ಇದೇ. ತಿಲಕನ ಮೇಲೆ ನನಗೆ ಸಿಟ್ಟಿದೆ, ಅವನನ್ನು ಕಂಡರೆ ಎರಡು ಬಿಗಿಯುವಷ್ಟಿದೆ. ಆದರೆ ಅವನು ನನಗೆ ಯಾರೂ ಅಲ್ಲ. ಉರಿಯುತ್ತಿರುವುದು ನೀನು ಮಾಡಿದ್ದಕ್ಕೆ. ಹತ್ತು ದಿನದಿಂದ ಅನ್ನದ ಮುಂದೆ ಕೂತರೂ ನಿನ್ನ ಎರಡು ಗೆರೆ ಕಣ್ಣಿಗೆ ಬರುತ್ತವೆ.

ಈಗ ನೀನು ಮಾಡಬೇಕಾದ ಕೆಲಸ ಒಂದಿದೆ. ಗುರುವಾರ ಬೆಳಗಿನ ಬಸ್ಸಿಗೆ ತಿಪಟೂರಿಗೆ ಬಾ. ಅತ್ತೆಗೆ ಹೊಲಿಗೆ ಮೇಡಂ ಕರೆದಿದ್ದಾರೆ ಎಂದು ಹೇಳು, ಇನ್ನೊಂದು ಸುಳ್ಳಿಗೆ ನನ್ನ ಅಡ್ಡಿಯಿಲ್ಲ. ಇಬ್ಬರೂ ನೊಣವಿನಕೆರೆಗೆ ಹೋಗೋಣ. ಆ ಮಾತುಗಳು ಆಟದ ಪಾತ್ರದವು, ನಿಮ್ಮ ಮಗಳು ತಪ್ಪು ಮಾಡಿಲ್ಲ, ತೊಂದರೆ ಕೊಟ್ಟವನ ಮೇಲೆ ಧೈರ್ಯವಾಗಿ ದೂರು ಕೊಟ್ಟವಳು, ತೊಂದರೆ ಕೊಟ್ಟವನು ನನ್ನ ಮೈದುನ ಎಂದು ಮರುಳಪ್ಪನವರಿಗೆ ನಿನ್ನ ಬಾಯಿಂದಲೇ ಹೇಳು. ನಾನು ಹೇಳಿದರೆ ಯಾವಳೋ ಜೆರಾಕ್ಸ್ ಅಂಗಡಿಯವಳು ಎನ್ನುತ್ತಾರೆ. ನೀನು ಆ ಮನೆಯ ಸೊಸೆ. ಸ್ವಂತ ಮೈದುನನ ವಿರುದ್ಧ ನೀನು ಮಾತಾಡಿದರೆ ನಂಬದೆ ಇರಲಾರರು.

ರಂಗನಾಥ್ ಸರ್‌ಗೆ ನಿನ್ನ ವಿಷಯ ಇನ್ನೂ ಬರೆದಿಲ್ಲ. ಗುರುವಾರ ಬಂದರೆ ಇಬ್ಬರೂ ಸೇರಿ ಬರೆಯೋಣ. ಬರದಿದ್ದರೆ ನಾನೊಬ್ಬಳೇ ಬರೆಯುತ್ತೇನೆ. ಆಮೇಲೆ ಮಾಡರೇಟರ್ ಕೆಲಸವನ್ನೂ ಬಿಡುತ್ತೇನೆ. ಜನರ ಗುಟ್ಟು ಕಾಯುವುದಕ್ಕೆ ಯೋಗ್ಯತೆ ಬೇಕು, ನಮ್ಮ ಪೈಕಿ ಅದು ಇದ್ದವಳು ನೀನೇ ಎಂದು ನಂಬಿದ್ದೆ.

ಹತ್ತೂವರೆಯವರೆಗೆ ಬಸ್ ನಿಲ್ದಾಣದಲ್ಲಿ ಕಾಯುತ್ತೇನೆ.

ಇಷ್ಟಾದರೂ ನಿನಗೆ ಅಕ್ಕ ಎನ್ನಿಸಿಕೊಂಡವಳು,
ಆಶಾ

ಮಂಗಳವಾರ, ಸಂಜೆ

ಮೇಲಿನದನ್ನು ಹರಿದು ಹಾಕೋಣ ಎಂದುಕೊಂಡೆ. ಹಾಕಲಿಲ್ಲ. ನಾನು ಎಂಥವಳು ಎಂದು ನಿನಗೂ ತಿಳಿದಿರಲಿ.

ಗುರುವಾರದವರೆಗೆ ಕಾಯಲು ಆಗಲಿಲ್ಲ. ನಾಳೆ ಅವಳ ಟಿ.ಸಿ. ತೆಗೆದುಕೊಳ್ಳಲು ಅಪ್ಪ ಕಾಲೇಜಿಗೆ ಬರುತ್ತಾರೆ ಎಂದು ಲಿಖಿತಾ ಬಂದು ಹೇಳಿದಳು. ಇವತ್ತು ಬೆಳಿಗ್ಗೆ ಅಂಗಡಿ ಮುಚ್ಚಿ ಒಬ್ಬಳೇ ನೊಣವಿನಕೆರೆಗೆ ಹೋದೆ. ಸೌಂದರ್ಯ ಬರೆದ ದೂರು, ಅದರ ಜೊತೆ ಅವಳು ನನಗೆ ಕಳಿಸಿದ್ದ ಕರಿಸಿಂಗನ ಸಂದೇಶಗಳು, ನಮ್ಮ ನಿಯಮಗಳು, ಎಲ್ಲವನ್ನೂ ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ. ಅವರಮ್ಮ ದ್ರಾಕ್ಷಾಯಣಮ್ಮ ಮಜ್ಜಿಗೆ ಕೊಟ್ಟರು. ಮರುಳಪ್ಪನವರು ಕನ್ನಡಕ ಹಾಕಿಕೊಂಡು ಒಂದೊಂದು ಹಾಳೆಯನ್ನೂ ಓದಿದರು. ಈ ಕರಿಸಿಂಗ ಎಂದರೆ ತಿಲಕನೇ ಎಂದು ನಾನು ಹೇಳಿದೆ. ಆಮೇಲೆ ಒಳಗೆ ನೋಡಿ 'ನಾಳೆಯಿಂದ ಕಾಲೇಜಿಗೆ ಹೋಗವ್ವ' ಎಂದರು. ಅವರು ನಂಬಿದರು. ನಿನ್ನ ಅಗತ್ಯವೇ ಬೀಳಲಿಲ್ಲ. ಪ್ರಿಂಟ್ ಹಾಳೆಗಳೇ ಸಾಕಾಗಿದ್ದವು, ಹತ್ತು ದಿನದ ಹಿಂದೆಯೇ ನಾನು ಹೋಗಬಹುದಿತ್ತು.

ಏಳಬೇಕು ಎನ್ನುವಷ್ಟರಲ್ಲಿ ಅವರು ಕೇಳಿದರು, 'ನನ್ನ ಮಗಳ ಹೆಸರನ್ನ ಆ ಹುಡುಗನಿಗೆ ಕೊಟ್ಟೋರು ಯಾರಮ್ಮ' ಎಂದು. ನಿನ್ನ ಹೆಸರು ಹೇಳಿದೆ. ಅದನ್ನು ಹೇಳಲೇಬೇಕಿತ್ತು ಎಂದುಕೋ. ಆದರೆ ಅವರು ಬಿಡಲಿಲ್ಲ, ಎಷ್ಟಾದರೂ ಮಂಡಿ ನಡೆಸುವವರು. 'ಆ ಯಮ್ಮಂಗೆ ಹೆಂಗೆ ಗೊತ್ತಾಯ್ತು? ಮಗಳು ಅಲ್ಲಿ ಊರು ಮನೆ ಬರೆದಿರಲಿಲ್ಲವಲ್ಲ. ಯಾರೋ ಕೇಳಿ ತಿಳ್ಕಂಡಿರಬೇಕು' ಎಂದರು.

ನಾನು ಕೇಳಿದೆ ಎನ್ನಬೇಕಿತ್ತು. ನಾನೇ ಕೇಳಿದ್ದು, ನಾನೇ ಹೇಳಿದ್ದು ಎಂದು. ನನ್ನ ಬಾಯಿಂದ ಬಂದದ್ದು, 'ಅದೂ ಅವಳೇ ಕೇಳಿ ತಿಳ್ಕೊಂಡಿದ್ದು' ಎಂದು. ಯೋಚನೆಯನ್ನೂ ಮಾಡಲಿಲ್ಲ ಧನ್ಯಾ. ಸಲೀಸಾಗಿ ಬಂತು.

ಶುಕ್ರವಾರ ಹನ್ನೊಂದು ಗಂಟೆಗೆ ಅವರು ನಿಮ್ಮ ಮನೆಗೆ ಬರುತ್ತಾರೆ. ಹುಡುಗನನ್ನು ಮಾತ್ರವಲ್ಲ, ಆ ಹೆಣ್ಣುಮಗಳನ್ನೂ ನಿಮ್ಮತ್ತೆಯ ಎದುರಿಗೇ ಕೂರಿಸಿ ವಿಚಾರಿಸುತ್ತೇನೆ ಎಂದಿದ್ದಾರೆ. ನಾನೂ ಬಂದು ನಿನ್ನ ಪಕ್ಕ ನಿಲ್ಲುತ್ತೇನೆ ಎಂದು ಬರೆಯಲು ಇಷ್ಟು ಹೊತ್ತಿನಿಂದ ಕೂತಿದ್ದೇನೆ. ಬರೆಯಲು ಧೈರ್ಯ ಬರುತ್ತಿಲ್ಲ.

ನಾನು ಆ ಸುಳ್ಳು ಹೇಳುವಾಗ ಸೌಂದರ್ಯ ಅಡಿಗೆ ಮನೆಯ ಬಾಗಿಲಲ್ಲಿ ನಿಂತಿದ್ದಳು. ತನ್ನನ್ನು ಯಾರ ಮನೆ ಎಂದು ಕೇಳಿದವರು ಯಾರು ಎಂಬುದು ಅವಳಿಗೆ ಗೊತ್ತಿತ್ತು. ಅಪ್ಪ ತಿರುಗಿ 'ಹೌದೇನವ್ವ' ಎಂದು ಕೇಳಿದರು. ಅವಳು ನನ್ನನ್ನೇ ನೋಡಿದಳು. ನನ್ನ ಹೆಸರು ಹೇಳಲಿಲ್ಲ.